ಹಿಮ ಇದ್ದ ಜಾಗದ ಕೊಲ್ಲಿ

ಕಳೆದ ಸಲ ಊರಿಗೆ ಹೋದಾಗ ತುಮರಿ ಕಡೆಯ ನೆಂಟರ ಮನೆಗೆ ಹೊಸ ಸೇತುವೆಯ ಮೇಲೆ ಹೋದೆವು. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ನಾನದನ್ನು ದಾಟಿದ್ದು ಅದೇ ಮೊದಲು. ಹೊಳೆಬಾಗಿಲಿನಲ್ಲಿ ಇಳಿದು, ಲಾಂಚು ಆಚೆ ದಡ ಬಿಟ್ಟಿತೋ ಇಲ್ಲವೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ಕಾಯುತ್ತಿದ್ದ ದಾರಿ ಈಗ ನಾಲ್ಕೈದು ನಿಮಿಷದ್ದು. ಕಾರು ಸೇತುವೆಯ ನಡುವೆ ಬಂದಾಗ ಜೊತೆಗಿದ್ದ ಭಾವ ಕೇಳಿದರು: "ಮಾವ, ಮಗಳ ಜೊತೆ ಅಲಾಸ್ಕಾಕ್ಕೆ ಹಡಗಲ್ಲಿ ಹೋಗಿ ಬಂದ್ರಿ, ಹೆಂಗಿತ್ತು ಅಂತ ಹೇಳ್ಳೇ ಇಲ್ಲ." ಅಪ್ಪಯ್ಯ ಕಿಟಕಿಯಾಚೆಯ ನೀರಿನಿಂದ ಕಣ್ಣು ಕೀಳಲಿಲ್ಲ. "ಅಲ್ಲೂ ನಮ್ಮಂಗೇ ಮುಳುಗಡೆಯವರಿದ್ದಾರೆ. ಅವರದ್ದು ನೀರಲ್ಲಿ ಹೋಗಿದ್ದಲ್ಲ, ಹಿಮದಲ್ಲಿ" ಎಂದರು. ಮತ್ತೆ ಮಾತಾಡಲಿಲ್ಲ.

ನನಗೆ ಆ ಮಾತು ಎಲ್ಲೋ ಒಳಗೆ ತಾಗಿತು. 2023ರ ಜೂನ್‌ನಲ್ಲಿ ನಾವು ಅಲಾಸ್ಕಾಕ್ಕೆ ಹೋಗಿ ಬಂದಾಗಿನಿಂದ ಆ ಪ್ರವಾಸದ ಕತೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ನಾನೂರಕ್ಕೂ ಹೆಚ್ಚು ಫೋಟೋ ಇವೆ. ತಿಮಿಂಗಿಲದ ಬಾಲ, ನೀಲಿ ಹಿಮ, ರಾತ್ರಿ ಹತ್ತಾದರೂ ಮುಳುಗದ ಬೆಳಕು. ಆ ಫೋಟೋಗಳಲ್ಲಿ ಎಲ್ಲೂ ಒಬ್ಬ ಮನುಷ್ಯನಿಲ್ಲ, ನಮ್ಮನ್ನು ಬಿಟ್ಟರೆ. ಮನುಷ್ಯರು ಬರದ ಹಾಗೆ ನೋಡಿಕೊಂಡೇ ತೆಗೆದ ಫೋಟೋಗಳು ಅವು. ಅದೇ ಏಳು ದಿನ ಪಕ್ಕದಲ್ಲೇ ನಿಂತಿದ್ದ ಅಪ್ಪಯ್ಯ ಬೇರೆ ಏನನ್ನೋ ನೋಡುತ್ತಿದ್ದರು ಎಂದು ನನಗೆ ಗೊತ್ತಾಗಲು ಎರಡು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಆವತ್ತಿನಿಂದ ಆ ಪ್ರವಾಸವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಮಾಡುತ್ತಿದ್ದೇನೆ.

ಏಳು ರಾತ್ರಿ

ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಕ್ರೂಸ್ ಬಗ್ಗೆ ಇಲ್ಲಿ ಅಮೆರಿಕದಲ್ಲಿರುವ ಕನ್ನಡದವರಿಗೆ ಹೊಸದಾಗಿ ಹೇಳುವುದೇನಿಲ್ಲ. ಅಪ್ಪ ಅಮ್ಮ ಊರಿಂದ ಬಂದ ಬೇಸಿಗೆಯಲ್ಲಿ ಮಾಡಲೇಬೇಕಾದ್ದು ಎಂಬಂತಾಗಿದೆ. ವಯಸ್ಸಾದವರಿಗೆ ದಿನಕ್ಕೊಂದು ಹೋಟೆಲ್ ಬದಲಿಸುವ, ಪೆಟ್ಟಿಗೆ ಎತ್ತುವ ಕಷ್ಟವಿಲ್ಲ. ಮಂಡಿ ನೋವಿನ ಅಮ್ಮನಿಗೆ ಅದೇ ದೊಡ್ಡ ಅನುಕೂಲ. ಜೂನೋ, ಸ್ಕ್ಯಾಗ್ವೇ, ಗ್ಲೇಸಿಯರ್ ಬೇ, ಕೆಚಿಕಾನ್, ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ. ಹೋಗುವವರಿಗೆ ಒಂದು ಮಾತು: ಆ ಕೊನೆಯ ಸಂಜೆಯ ಕೆಲವೇ ಗಂಟೆಗೆ ಊರಿಂದ ಬಂದ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು, ದಡಕ್ಕೆ ಇಳಿಯದಿದ್ದರೂ. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ, ಬೇರೆ ದೇಶದ ಬಾವುಟ ಹೊತ್ತ ಹಡಗು ಇಲ್ಲಿನ ಬಂದರಿನಿಂದ ಜನರನ್ನು ಹೀಗೆ ಸುತ್ತಾಡಿಸಿ ತರುವಾಗ ಪರದೇಶದ ಒಂದು ಬಂದರನ್ನಾದರೂ ಮುಟ್ಟಬೇಕು. ಈ ದೊಡ್ಡ ಹಡಗುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೇರೆ ದೇಶದ ಬಾವುಟದವೇ. ವೀಸಾಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ನಮ್ಮದು ಹೊರಡಲು ಒಂಬತ್ತು ದಿನವಿದ್ದಾಗ ಬಂತು.

ಸ್ಕ್ಯಾಗ್ವೇಯಲ್ಲಿ ಪುಟ್ಟ ರೈಲಿನಲ್ಲಿ ಬೆಟ್ಟ ಹತ್ತಿದೆವು. 1898ರಲ್ಲಿ ಚಿನ್ನದ ಆಸೆಗೆ ಬಂದವರಿಗಾಗಿ ಹಾಕಲು ಶುರುಮಾಡಿ ಎರಡು ವರ್ಷದಲ್ಲಿ ಮುಗಿಸಿದ ಮೂರಡಿ ಅಗಲದ ಹಳಿ. ಅದೇ ಕಣಿವೆಯಲ್ಲಿ ಹೊರೆ ಹೊತ್ತ ಸುಮಾರು ಮೂರು ಸಾವಿರ ಕುದುರೆಗಳು ಸತ್ತವು ಎಂದು ಹೇಳಿದಾಗ ಅಮ್ಮ ಕಿಟಕಿಯ ಕಡೆಯಿಂದ ಮುಖ ತಿರುಗಿಸಿಕೊಂಡರು. ಕೆಚಿಕಾನ್‌ನಲ್ಲಿ ಇಡೀ ದಿನ ಮಳೆ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದಂತೆ ಎಂದೆ. "ನಮ್ಮ ಆಗುಂಬೆಯ ಅರ್ಧ" ಎಂದರು ಅಪ್ಪಯ್ಯ, ಕೊಡೆ ಬಿಚ್ಚುತ್ತ. ಪಾಚಿ ಹಿಡಿದ ಮರ, ಕೊಳೆತ ಎಲೆಯ ವಾಸನೆ, ಒದ್ದೆ ಮಣ್ಣು. ಅವರಿಬ್ಬರೂ ಇಡೀ ಪ್ರವಾಸದಲ್ಲಿ ಅಷ್ಟು ಹಗುರಾಗಿ ನಡೆದದ್ದು ಆ ಮಳೆಯಲ್ಲಿಯೇ.

ಹಡಗಿನ ಊಟದ ಸಾಲೆಯಲ್ಲಿ ಉಡುಪಿ ಕಡೆಯ ಒಬ್ಬ ಹುಡುಗನಿದ್ದ. ಅಮ್ಮ ಡಬ್ಬಿಯಿಂದ ಚಟ್ನಿಪುಡಿ ತೆಗೆದದ್ದನ್ನು ನೋಡಿ ಹತ್ತಿರ ಬಂದು, "ಅಮ್ಮಾ, ಕನ್ನಡದವ್ರಾ?" ಎಂದ. ಮರುದಿನದಿಂದ ಅಮ್ಮನ ತಟ್ಟೆಯ ಪಕ್ಕ ಒಂದು ಲೋಟ ಮಜ್ಜಿಗೆ ಬರುತ್ತಿತ್ತು. ಒಂಬತ್ತು ತಿಂಗಳ ಕರಾರಿನ ಮೇಲೆ ಬಂದವನು. ಮಗಳ ಮೊದಲ ಹುಟ್ಟುಹಬ್ಬವನ್ನು ಫೋನಿನಲ್ಲಿ ನೋಡಿದ್ದನಂತೆ. ಇಳಿಯುವ ದಿನ ಅಮ್ಮ ಚಟ್ನಿಪುಡಿ ಡಬ್ಬಿಯನ್ನು ಹಾಗೇ ಅವನ ಕೈಗಿಟ್ಟರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ ರೀತಿ ನನಗೆ ಇನ್ನೂ ಕಣ್ಣ ಮುಂದಿದೆ.

ಗೊಬ್ಬರದ ಗಿಡ

ಗ್ಲೇಸಿಯರ್ ಬೇ ದಿನ ಹಡಗು ಎಲ್ಲೂ ಕಟ್ಟುವುದಿಲ್ಲ. ಬೆಳಿಗ್ಗೆ ಕೊಲ್ಲಿಯ ಬಾಯಿಯಲ್ಲಿ, ಬಾರ್ಟ್ಲೆಟ್ ಕೋವ್ ಹತ್ತಿರ, ಒಂದು ಚಿಕ್ಕ ದೋಣಿ ನಮ್ಮ ಹಡಗಿನ ಮಗ್ಗುಲಿಗೆ ಬಂದು ಅಂಟಿಕೊಂಡಿತು. ಹಗ್ಗದ ಏಣಿ ಹಿಡಿದು ರಾಷ್ಟ್ರೀಯ ಉದ್ಯಾನದ ರೇಂಜರುಗಳು ಹತ್ತಿದರು. ಅವರ ಜೊತೆ ಒಬ್ಬ ಹೆಂಗಸು, ಆ ಸೀಮೆಯ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನಾಂಗದವರು. ಎರಡೂ ಹಡಗು ಚಲಿಸುತ್ತಿರುವಾಗಲೇ ಆಕೆ ಏಣಿ ಹಿಡಿದದ್ದನ್ನು ಕಟಕಟೆಯಿಂದ ಬಗ್ಗಿ ನೋಡಿದ ಅಪ್ಪಯ್ಯ ಉಸಿರು ಬಿಗಿಹಿಡಿದಿದ್ದರು. ದಿನಕ್ಕೆ ಇಂಥ ಎರಡೇ ದೊಡ್ಡ ಹಡಗುಗಳಿಗೆ ಒಳಗೆ ಬಿಡುತ್ತಾರೆ. ಆ ನಿಯಮ ಇಲ್ಲದಿದ್ದರೆ ಅಲ್ಲಿ ಏನು ಉಳಿಯುತ್ತಿತ್ತು ಎಂಬುದನ್ನು ಯೋಚಿಸಲೂ ನನಗೆ ಇಷ್ಟವಿಲ್ಲ.

ಆ ಕೊಲ್ಲಿಯ ಪ್ರಾಯ ಎಷ್ಟು ಕಡಿಮೆ ಎಂಬುದು ನನಗೆ ಅಲ್ಲಿ ಹೋಗುವ ತನಕ ಗೊತ್ತಿರಲಿಲ್ಲ. 1750ರ ಸುಮಾರಿಗೆ ಅಲ್ಲಿ ಕೊಲ್ಲಿಯೇ ಇರಲಿಲ್ಲ, ಹಿಮ ಇತ್ತು. 1794ರಲ್ಲಿ ವ್ಯಾಂಕೂವರ್ ಎಂಬ ಬ್ರಿಟಿಷ್ ಕಪ್ತಾನನ ಜನ ದೋಣಿಯಲ್ಲಿ ಬಂದಾಗ ಕಂಡದ್ದು ಹಿಮದ ಗೋಡೆಯಲ್ಲಿ ಏಳೆಂಟು ಕಿಲೋಮೀಟರಿನ ಒಂದು ಕಚ್ಚು ಮಾತ್ರ. 1879ರಲ್ಲಿ ಜಾನ್ ಮ್ಯೂರ್ ಎಂಬ ನಿಸರ್ಗಪ್ರೇಮಿ ಲೇಖಕ ಟ್ಲಿಂಗಿಟ್ ಮಾರ್ಗದರ್ಶಕರ ಜೊತೆ ದೋಣಿಯಲ್ಲಿ ಬರುವ ಹೊತ್ತಿಗೆ ಹಿಮ ಎಷ್ಟೋ ಮೈಲಿ ಹಿಂದೆ ಸರಿದಿತ್ತು. ಇವತ್ತು ಹಡಗು ಸುಮಾರು ನೂರು ಕಿಲೋಮೀಟರ್ ಒಳಗೆ ಹೋದ ಮೇಲೆ ಹಿಮದ ಬಾಯಿ ಸಿಗುತ್ತದೆ. ಅಂದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾವು ಸಾಗಿದ ನೀರಿನ ಮೇಲೆಲ್ಲ ಅಪ್ಪಯ್ಯನ ಮುತ್ತಜ್ಜನ ಮುತ್ತಜ್ಜನ ಕಾಲದಲ್ಲಿ ಹಿಮ ಕೂತಿತ್ತು.

ದಡದ ಗಿಡಗಳಲ್ಲೇ ಅದು ಕಾಣುತ್ತದೆ. ಬಾಯಿಯ ಹತ್ತಿರ ದಟ್ಟ ಕಾಡು, ದೊಡ್ಡ ದೊಡ್ಡ ಸ್ಪ್ರೂಸ್ ಮರಗಳು. ಒಳಗೆ ಹೋದಷ್ಟೂ ಮರ ಗಿಡ್ಡವಾಗುತ್ತವೆ, ಆಮೇಲೆ ಬರೀ ಪೊದೆ, ಆಮೇಲೆ ನೆಲಕ್ಕಂಟಿದ ಹಸಿರು, ಕೊನೆಗೆ ಬರಿ ಬಂಡೆ. ಹಿಮ ಬಿಟ್ಟುಹೋದ ಬರಡು ನೆಲಕ್ಕೆ ಮೊದಲು ಬರುವ ಗಿಡಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುತ್ತವೆ. ಆಲ್ಡರ್ ಎಂಬ ಪೊದೆ ಅದರಲ್ಲಿ ಮುಖ್ಯ. ಅದು ಮಣ್ಣು ಮಾಡಿಕೊಟ್ಟ ಮೇಲೆ ಸ್ಪ್ರೂಸ್ ಬರುತ್ತದೆ, ಬಂದು ಆಲ್ಡರನ್ನೇ ನೆರಳಿನಲ್ಲಿ ಮುಚ್ಚುತ್ತದೆ. ವಿಲಿಯಂ ಕೂಪರ್ ಎಂಬ ವಿಜ್ಞಾನಿ 1916ರಲ್ಲಿ ಇಲ್ಲಿ ಚೌಕ ಗುರುತು ಹಾಕಿ ಒಂದೊಂದು ಗಿಡ ಎಣಿಸಲು ಶುರುಮಾಡಿದ್ದು, ಇವತ್ತಿಗೂ ಅವೇ ಚೌಕಗಳನ್ನು ನೋಡುತ್ತಾರೆ. ನಾನು ಇದನ್ನೆಲ್ಲ ಕನ್ನಡ ಮಾಡಿ ಹೇಳುತ್ತಿದ್ದರೆ ಅಪ್ಪಯ್ಯ ನಡುವೆಯೇ, "ಗೊಬ್ಬರದ ಗಿಡ ಅನ್ನು" ಎಂದರು. ತೋಟದ ಬೇಲಿಗೆ ನಾವು ನೆಡುವ, ಸೊಪ್ಪು ಕಡಿದು ಅಡಿಕೆ ಬುಡಕ್ಕೆ ಹಾಕುವ ಗೊಬ್ಬರದ ಗಿಡ ಮಾಡುವುದೂ ಅದೇ ಕೆಲಸ. ಅಲ್ಲಿಂದ ಮುಂದೆ ಅವರು ಬೈನಾಕ್ಯುಲರ್ ಹಿಡಿದು ದಡದ ಪೊದೆಗಳನ್ನೇ ನೋಡಿದರು. ಉಳಿದವರೆಲ್ಲ ಕರಡಿ ಹುಡುಕುತ್ತಿದ್ದರು.

ಅವಳು ಕೇಳಿದ ಪ್ರಶ್ನೆ

ಹಡಗಿನ ನಾಟಕಶಾಲೆಯಲ್ಲಿ ಆ ಟ್ಲಿಂಗಿಟ್ ಹೆಂಗಸು ಮಾತಾಡಿದರು. ಮುಕ್ಕಾಲು ಪಾಲು ಕುರ್ಚಿ ಖಾಲಿ, ಎಲ್ಲರೂ ಹೊರಗೆ ಡೆಕ್ಕಿನ ಮೇಲಿದ್ದರು. ನಾವು ಒಳಗೆ ಹೋದದ್ದು ಅಮ್ಮನಿಗೆ ಚಳಿ ತಡೆಯಲಿಲ್ಲ ಎಂದು. ಆಕೆ ಮೊದಲು ತಮ್ಮ ಭಾಷೆಯಲ್ಲಿ ತಮ್ಮ ಕುಲದ ಹೆಸರು, ಅಜ್ಜಿಯ ಹೆಸರು ಹೇಳಿಕೊಂಡರು. ಆಮೇಲೆ ಕೇಳಿದರು: ನೀವೀಗ ಯಾರ ಮನೆಯ ಮೇಲೆ ತೇಲುತ್ತಿದ್ದೀರಿ ಗೊತ್ತೇ?

ಹಿಮ ಮುನ್ನುಗ್ಗುವ ಮೊದಲು ಅಲ್ಲಿ ಹುಲ್ಲಿನ ಬಯಲಿತ್ತು, ಸಾಲ್ಮನ್ ಮೀನು ಹತ್ತುವ ಹೊಳೆ ಇತ್ತು, ಊರುಗಳಿದ್ದವು. ಮೈನೆರೆದು ಒಳಗೆ ಕೂರಿಸಿದ್ದ ಕಾಸ್ಟೀನ್ ಎಂಬ ಹುಡುಗಿ ಬೇಸರಕ್ಕೆ ಹಿಮನದಿಯನ್ನು ನಾಯಿ ಕರೆದ ಹಾಗೆ ಕರೆದಳಂತೆ. ಹಿಮ ಬಂತು, ಓಡುವ ನಾಯಿಯ ವೇಗದಲ್ಲಿ. ಜನ ದೋಣಿಗೆ ಸಾಮಾನು ತುಂಬಿದರು, ಒಬ್ಬಳು ಮಾತ್ರ ಮನೆಯಲ್ಲಿ ಉಳಿದಳು. ಕೆಲವರು ಹೇಳುವ ಕತೆಯಲ್ಲಿ ಉಳಿದವಳು ಆ ಹುಡುಗಿಯೇ. ಇನ್ನು ಕೆಲವರ ಕತೆಯಲ್ಲಿ ಅಜ್ಜಿ, ನಿನ್ನಿಂದ ಕುಲ ಬೆಳೆಯಬೇಕು, ನೀನು ಹೋಗು ಎಂದವಳು. ಉಳಿದವರು ನೀರಿನಾಚೆಗೆ ಹೋಗಿ ಈಗ ಹೂನಾ ಎಂದು ಕರೆಯುವ ಊರು ಕಟ್ಟಿಕೊಂಡರು. ಹಿಮ ಹಿಂದೆ ಸರಿದು ನೀರು ತುಂಬಿದಾಗ ಆ ಜಾಗಕ್ಕೆ ಅವರಿಟ್ಟ ಹೆಸರು ಸಿಟ್ ಈಟೀ ಗೇಯಿ, ಹಿಮನದಿ ಇದ್ದ ಜಾಗದ ಕೊಲ್ಲಿ.

ನಾನು ಅಪ್ಪಯ್ಯನ ಕಿವಿಯಲ್ಲಿ ಸಣ್ಣ ದನಿಯಲ್ಲಿ ಹೇಳುತ್ತಿದ್ದೆ. ಅವರು ನನ್ನ ಮೊಣಕೈ ಹಿಡಿದರು. "ಕೇಳು ಅವರನ್ನ. ಹಿಮ ಹೋದ ಮೇಲೆ ವಾಪಸ್ ಯಾಕೆ ಬರ್ಲಿಲ್ಲ ಅಂತ ಕೇಳು." ಕೇಳಿದೆ. ಬಂದಿದ್ದೆವು ಎಂದರು ಆಕೆ. ಸೀಲ್ ಬೇಟೆಗೆ, ಹಣ್ಣು ಕೀಳಲು, ಕಡಲಹಕ್ಕಿಯ ಮೊಟ್ಟೆ ಆರಿಸಲು ಅಜ್ಜ ಅಜ್ಜಿಯರೆಲ್ಲ ಬರುತ್ತಿದ್ದರು. 1925ರಲ್ಲಿ ಸರ್ಕಾರ ಕೊಲ್ಲಿಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು, 1980ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿತು. ಹೀಗೆ ಕಾಯ್ದೆಯ ಮೇಲೆ ಕಾಯ್ದೆ ಬಂದು, ಅಜ್ಜಿ ಆರಿಸುತ್ತಿದ್ದ ಮೊಟ್ಟೆ ಮೊಮ್ಮಗಳ ಕೈಯಲ್ಲಿ ಅಪರಾಧವಾಯಿತು. ಆ ಮೊಟ್ಟೆಗೆ ದಾರಿ ಬಿಡುವ ಕಾನೂನು ಆದದ್ದು 2014ರಲ್ಲಿ. 2016ರ ಆಗಸ್ಟ್ 25ರಂದು ಹೂನಾದಿಂದ ಜನ ಮರ ಕೊರೆದ ದೋಣಿಗಳಲ್ಲಿ ಹುಟ್ಟುಹಾಕುತ್ತ ಬಾರ್ಟ್ಲೆಟ್ ಕೋವ್‌ಗೆ ಬಂದರು. ಅಲ್ಲಿ ಉದ್ಯಾನದವರೂ ಅವರೂ ಸೇರಿ ಕಟ್ಟಿದ ಕುಲಮನೆಯ ಬಾಗಿಲು ತೆರೆದರು. ಅದರ ಹೆಸರು ಹೂನಾ ಶುಕಾ ಹಿತ್, ಹೂನಾ ಪೂರ್ವಜರ ಮನೆ. ಎರಡು ವರ್ಷದ ಮೇಲೆ ಅಲ್ಲೇ ಟೋಟೆಮ್ ಎಂಬ ಕೆತ್ತನೆಯ ಮರದ ಕಂಬ ನಿಲ್ಲಿಸಿದರು. ತಮ್ಮನ್ನು ಹೊರಗಿಟ್ಟ ಕತೆ, ಆಮೇಲೆ ಕೂಡಿ ಕೂತ ಕತೆ ಎರಡನ್ನೂ ಅದರ ಮೇಲೆ ಕೆತ್ತಿದ್ದಾರೆ.

ಆಕೆ ಅಪ್ಪಯ್ಯನ ಕಡೆ ನೋಡಿ, ಯಾಕೆ ಕೇಳಿದಿರಿ ಎಂದರು. ಅಪ್ಪಯ್ಯ ಕನ್ನಡದಲ್ಲಿ, "ನಮ್ಮೂರೂ ಹೋಗಿದೆ" ಎಂದರು. ನಾನು ಅದನ್ನು ಇಂಗ್ಲಿಷ್ ಮಾಡಿ ಹೇಳಿದೆ. ಅಷ್ಟು ಹೊತ್ತಿಗೆ ಹೊರಗೆ ತಿಮಿಂಗಿಲ ಕಂಡಿತೆಂದು ಧ್ವನಿವರ್ಧಕ ಕೂಗಿತು, ಮಗ ನನ್ನ ಕೈ ಎಳೆದ, ನಾನು ಎದ್ದು ಓಡಿದೆ. ಅವರಿಬ್ಬರೂ ಭಾಷೆಯಿಲ್ಲದೆ ಎಷ್ಟು ಹೊತ್ತು ಅಲ್ಲಿ ಕೂತಿದ್ದರೋ ನಾನು ನೋಡಲಿಲ್ಲ.

ಬಾಗಿಲಿನ ಚೌಕಟ್ಟು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವಾಗ ಅಪ್ಪಯ್ಯನಿಗೆ ಹತ್ತು ವರ್ಷ. ಶರಾವತಿಯ ಹಿನ್ನೀರು ಓಡುವ ನಾಯಿಯ ಹಾಗೆ ಬರಲಿಲ್ಲ. ಮಳೆಗಾಲದಲ್ಲಿ ದಿನಕ್ಕಿಷ್ಟು ಎಂದು ಗದ್ದೆ, ತೋಟದ ತಗ್ಗು, ಕೊಟ್ಟಿಗೆ ಹೀಗೆ ಏರಿತು. ಅಜ್ಜ ಹೆಂಚು ಇಳಿಸಿ, ಜಂತಿ ಬಿಚ್ಚಿ, ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಲಾರಿಗೆ ಹಾಕಿದರು. ದೇವರ ಪೆಟ್ಟಿಗೆಯನ್ನು ಅಜ್ಜಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇವತ್ತು ನಮ್ಮ ಮನೆಗೆ ಯಾರು ಬಂದರೂ ತಲೆ ತಗ್ಗಿಸಿ ದಾಟುವ ಬಾಗಿಲು ಅದೇ. ಮನೆ ದೊಡ್ಡದಾಯಿತು, ಬಾಗಿಲನ್ನು ಬದಲಿಸಲು ಅಪ್ಪಯ್ಯ ಬಿಡಲಿಲ್ಲ. ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಕಾಡಂಚಿನಲ್ಲಿ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಅರವತ್ತು ವರ್ಷವಾದರೂ ಮುಗಿದಿಲ್ಲ, ಅದು ಮಲೆನಾಡಿನವರಿಗೆಲ್ಲ ಗೊತ್ತಿರುವುದೇ.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಹಿಮ ಬರಲಿ ಎಂದು ಯಾವ ಕಚೇರಿಯೂ ಆಜ್ಞೆ ಹೊರಡಿಸಿರಲಿಲ್ಲ. ಶರಾವತಿಗೆ ನಕ್ಷೆ ಇತ್ತು, ಅಂದಾಜು ಇತ್ತು, ಸಹಿ ಇತ್ತು. ಹಿಮ ಒಂದು ಶತಮಾನದೊಳಗೆ ಹಿಂದೆ ಹೋಗಲು ತೊಡಗಿತು, ನಮ್ಮ ನೀರು ಹೋಗುವುದಿಲ್ಲ. ಆದರೆ ಹಿಮ ಹೋದ ಮೇಲೂ ಅವರಿಗೆ ಬಾಗಿಲು ಮುಚ್ಚಿದ್ದು ಕಾಗದವೇ. ಅಪ್ಪಯ್ಯನ ಪ್ರಶ್ನೆ ನೇರವಾಗಿ ಹೋಗಿ ಮುಟ್ಟಿದ್ದು ಅಲ್ಲಿಗೆ, ನನಗೆ ಅಂಥ ಪ್ರಶ್ನೆ ಹೊಳೆದೇ ಇರಲಿಲ್ಲ.

ಬಿಳಿ ಗುಡುಗು

ಮಧ್ಯಾಹ್ನ ಮಾರ್ಜರಿ ಹಿಮನದಿಯ ಎದುರು ಹಡಗು ನಿಂತಿತು. ಒಂದೂವರೆ ಕಿಲೋಮೀಟರ್ ಅಗಲ, ನೀರಿನಿಂದ ಸುಮಾರು 75 ಮೀಟರ್ ಎತ್ತರದ ಗೋಡೆ. ಹಿಮ ಒತ್ತಿ ಒತ್ತಿ ಗಾಳಿಯೆಲ್ಲ ಹಿಂಡಿಹೋದಾಗ ಅದು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನಷ್ಟೇ ಹೊರಬಿಡುತ್ತದೆ. ಬಿರುಕುಗಳ ಒಳಗೆ ಆ ನೀಲಿ ಯಾರೋ ದೀಪ ಹಚ್ಚಿಟ್ಟ ಹಾಗಿತ್ತು. ಹಡಗು ಇದ್ದಲ್ಲೇ ನಿಧಾನಕ್ಕೆ ತಿರುಗುತ್ತಿತ್ತು. ಸಾವಿರಾರು ಜನ, ಆದರೂ ನಿಶ್ಶಬ್ದ. ಒಂದು ಚಪ್ಪಡಿ ಜಾರಿತು. ಕಣ್ಣಿಗೆ ಮೊದಲು ಕಂಡಿತು, ಆಮೇಲೆ ಸದ್ದು ಬಂತು. ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಎನ್ನುತ್ತಾರಂತೆ. ಎದೆಯ ಗೂಡಿನಲ್ಲಿ ಕೇಳುವ ಸದ್ದು ಅದು. ಹಿಂದೆಯೇ ಡೆಕ್ಕಿನ ತುಂಬ ಚಪ್ಪಾಳೆ, ಶಿಳ್ಳೆ. ನಾನೂ ಹೊಡೆದೆ.

"ಎಂತಕ್ಕೆ ಚಪ್ಪಾಳೆ?" ಎಂದರು ಅಪ್ಪಯ್ಯ.

ಬೈದದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ನಾನು ಉತ್ತರ ಕೊಡಲಿಲ್ಲ. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸಮುದ್ರ ಮುಟ್ಟುವ ಹಿಮನದಿಯ ಬಾಯಿ ಉದುರುವುದು ಸಹಜ, ಆರೋಗ್ಯವಾಗಿರುವುದೂ ಉದುರುತ್ತದೆ ಎಂದು ರೇಂಜರ್ ಹೇಳಿದ್ದರು. ಆ ಕೊಲ್ಲಿಯಲ್ಲಿ ಹಿಮ ಹಿಂದೆ ಸರಿಯಲು ಶುರುವಾದದ್ದೂ ಕಾರ್ಖಾನೆಗಳ ಹೊಗೆಗಿಂತ ಮೊದಲು. ಆದರೆ ಈಗ ಅಲಾಸ್ಕಾದ ಉದ್ದಕ್ಕೂ ಹಿಮ ತೆಳುವಾಗುತ್ತಿರುವುದು ಹಾಗಲ್ಲ, ಅದು ನಮ್ಮ ಕಾಲದ ಬಿಸಿಯದ್ದೇ. ಅದೇ ಕೊಲ್ಲಿಯ ಮ್ಯೂರ್ ಹಿಮನದಿಯನ್ನು 1941ರಲ್ಲೂ 2004ರಲ್ಲೂ ಒಂದೇ ಜಾಗದಲ್ಲಿ ನಿಂತು ತೆಗೆದ ಎರಡು ಫೋಟೋ ಇವೆ. ಮೊದಲನೆಯದರಲ್ಲಿ ಚೌಕಟ್ಟಿನ ತುಂಬ ಹಿಮ, ಎರಡನೆಯದರಲ್ಲಿ ನೀರು, ಹಸಿರು. ಹನ್ನೆರಡು ಕಿಲೋಮೀಟರಿಗೂ ಹೆಚ್ಚು ಹಿಂದೆ ಹೋಗಿತ್ತು. ಗೊತ್ತಿಲ್ಲದವರ ಕೈಗೆ ಎರಡನ್ನೂ ಕೊಟ್ಟು ಯಾವುದು ಚೆಂದ ಎಂದರೆ ಎರಡನೆಯದನ್ನೇ ಆರಿಸಬಹುದು. ಆ ಸೀಮೆಯ ಹಳಬರಲ್ಲಿ ಹಿಮನದಿಗೆ ಕಿವಿಯಿದೆ, ಅದರ ಮುಂದೆ ಮಾತು ತೂಗಿ ಆಡಬೇಕು ಎಂಬ ನಂಬಿಕೆಯಿದೆ. ಕಾಸ್ಟೀನ್ ಕತೆಯೂ ಅದನ್ನೇ ಹೇಳುತ್ತದೆ. ಚಪ್ಪಾಳೆ ಅದಕ್ಕೆ ಹೇಗೆ ಕೇಳಿಸಿತೋ.

ನಾವು ಬಂದು ಎರಡು ತಿಂಗಳಿಗೆ, 2023ರ ಆಗಸ್ಟ್ 5ರಂದು, ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿಯ ಮಗ್ಗುಲಿನ ಕೆರೆಯೊಡೆದು ನೆರೆ ಬಂತು. ದಡ ಕುಸಿದು ಮನೆಯೊಂದು ಹಾಗೇ ಹೊಳೆಗೆ ಬೀಳುವ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಅಪ್ಪಯ್ಯನಿಗೆ ಕಳಿಸಿದೆ. ಅವರು ಫೋನ್ ಮಾಡಿ ಕೇಳಿದ್ದು, "ಬಾಗಿಲಾದ್ರೂ ತೆಗೆದಿಟ್ಟುಕೊಂಡಿದ್ರಾ ಅವರು?"

ಯಾರೂ ಇಲ್ಲದ ಜಾಗ

ಕ್ರೂಸ್ ಬುಕ್ ಮಾಡುವಾಗ ನೋಡಿದ ಚಿತ್ರಗಳ ಮೇಲೆಲ್ಲ ಇದ್ದದ್ದು ಒಂದೇ ಮಾತು: ಮನುಷ್ಯ ಮುಟ್ಟದ ಕಾಡು. ನಾನು ಹಣ ಕೊಟ್ಟದ್ದೂ ಆ ಮಾತಿಗೇ. ಜೂನೋದಲ್ಲಿ ಸುಮಾರು 32 ಸಾವಿರ ಜನ ಇದ್ದಾರೆ. ಹಡಗುಗಳಿಂದ 2023ರಲ್ಲಿ ಇಳಿದವರು 16 ಲಕ್ಷಕ್ಕೂ ಹೆಚ್ಚು. ಕೊನೆಗೆ ಊರಿನವರು ಪಟ್ಟುಹಿಡಿದು ದಿನಕ್ಕೆ ಐದೇ ದೊಡ್ಡ ಹಡಗು ಎಂದು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಷ್ಟು ಜನ ಹುಡುಕಿಕೊಂಡು ಹೋಗುವುದು ಯಾರೂ ಇಲ್ಲದ ಜಾಗವನ್ನು. ಆ ಆಸೆ ಸುಳ್ಳಲ್ಲ, ನನ್ನದೂ ಸುಳ್ಳಾಗಿರಲಿಲ್ಲ. ಆದರೆ ಯಾರೂ ಇಲ್ಲದ ಜಾಗ ಎಂದರೆ ಬಹಳ ಸಲ ಯಾರನ್ನೋ ಇಲ್ಲವಾಗಿಸಿದ ಜಾಗ. ನಮ್ಮ ಹಿನ್ನೀರಿನ ದಡದಲ್ಲೂ ಈಗ ವಾರಾಂತ್ಯಕ್ಕೆ ಕಾರು ಸಾಲುಗಟ್ಟುತ್ತವೆ. ಸಂಜೆಯ ನೀರು, ನಡುವೆ ಒಣಗಿ ನಿಂತ ಮರದ ಬೊಡ್ಡೆಗಳು, ಹಿಂದೆ ಗುಡ್ಡ. ನಾನೂ ಹಿಂದೊಮ್ಮೆ ಅದರ ಫೋಟೋ ಹಾಕಿ ಕೆಳಗೆ ಸ್ವರ್ಗ ಎಂದು ಬರೆದಿದ್ದೆ. ಅಪ್ಪಯ್ಯ ಅದನ್ನು ನೋಡಿರಬೇಕು. ಆ ಬೊಡ್ಡೆಗಳಲ್ಲಿ ಒಂದೆರಡು ಯಾವ ಮನೆಯ ಹಿತ್ತಲಿನವು ಎಂದು ಅವರಿಗೆ ಗೊತ್ತು.

ಆ ದಿನ ಸಂಜೆ ಹಡಗು ಮತ್ತೆ ಕೊಲ್ಲಿಯ ಬಾಯಿಗೆ ಬಂತು. ಕಾಡು ದಟ್ಟವಾಯಿತು. ಚಿಕ್ಕ ದೋಣಿ ಮತ್ತೆ ಮಗ್ಗುಲಿಗೆ ಅಂಟಿತು, ರೇಂಜರುಗಳು ಇಳಿದರು, ಅವರ ಹಿಂದೆ ಆ ಹೆಂಗಸು. ನಮ್ಮ ಹಡಗು ಬಾರ್ಟ್ಲೆಟ್ ಕೋವ್‌ನಲ್ಲಿ ನಿಲ್ಲುವುದಿಲ್ಲ, ಆ ಕುಲಮನೆಯನ್ನು ನಾವು ಕಣ್ಣಾರೆ ನೋಡಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದರು. ಅಪ್ಪಯ್ಯ ಕಟಕಟೆ ಹಿಡಿದು ನಿಂತೇ ಇದ್ದರು, ಅಮ್ಮ ಶಾಲು ತಂದು ಹೊದೆಸಿದ್ದೂ ಅವರಿಗೆ ತಿಳಿಯಲಿಲ್ಲ. ದೋಣಿ ಚಿಕ್ಕದಾಗುತ್ತ ಮರಗಳ ನೆರಳಿನ ಕಡೆಗೆ ಹೋಯಿತು. ಚಳಿಯಾಗುತ್ತೆ, ಒಳಗೆ ಬನ್ನಿ ಎಂದು ನಾನು ಎರಡು ಸಲ ಕರೆದೆ.

"ತಡಿ ಮಗಾ, ಅವಳು ಮನೆ ಮುಟ್ಟಲಿ" ಎಂದರು.